ಅರವತ್ತೆರಡು ಕಿಲೋ

ಆಸ್ಪತ್ರೆಯ ತೂಕದ ಯಂತ್ರಕ್ಕೆ ಒತ್ತಿದ್ದ ಮುದ್ರೆಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಕೂತ ಬೆಂಚಿನಿಂದಲೇ ಅವನಿಗೆ ಅದು ಗೊತ್ತಾಯಿತು. ಇಲಾಖೆ ವರ್ಷಕ್ಕೊಂದು ಬಣ್ಣದ ಚೀಟಿ ಅಂಟಿಸುತ್ತದೆ. ಈ ವರ್ಷದ್ದು ಹಸಿರು, ಯಂತ್ರದ ಕಂಬದ ಮೇಲಿದ್ದದ್ದು ಹೋದ ವರ್ಷದ ಹಳದಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಇನ್ಸ್‌ಪೆಕ್ಟರಾಗಿದ್ದವನಿಗೆ ಎಲ್ಲಿ ಹೋದರೂ ಮೊದಲು ಕಣ್ಣಿಗೆ ಬೀಳುವುದು ಮನುಷ್ಯರಲ್ಲ, ಇಂಥ ಚೀಟಿಗಳು. ಹಣ್ಣಿನ ಅಂಗಡಿಯಲ್ಲಿ ಹಣ್ಣಿಗಿಂತ ಮೊದಲು ತಕ್ಕಡಿಯ ಮುಳ್ಳು ನೋಡುತ್ತಾನೆ, ಮುಳ್ಳಿಗಿಂತ ಮೊದಲು ಅಂಗಡಿಯವನ ಕೈ ಎಲ್ಲಿದೆ ಎಂದು ನೋಡುತ್ತಾನೆ. ಎದುರಿನ ಗೋಡೆಯ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಓಡುತ್ತಿರುವ ದೊಡ್ಡ ಚಿತ್ರವಿತ್ತು. ನಾಲ್ವರಿಗೂ ಒಂದೇ ಥರದ ಹಲ್ಲು. ಓಡುವಾಗ ಯಾರಾದರೂ ಹಾಗೆ ಹಲ್ಲು ಬಿಡುತ್ತಾರೆಯೆ? ಅವನಿಗೆ ಬಸ್ಸು ಹಿಡಿಯಲು ಓಡಿ ಮಾತ್ರ ಗೊತ್ತು. ಆಗ ಬಾಯಿಗೆ ಬರುವುದು ಬೇರೆಯೇ. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ‘ಕಾಯಿಲೆ ಬರುವ ಮೊದಲೇ ಬನ್ನಿ’ ಎಂದಿತ್ತು. ಇನ್ನೂ ಬಾರದ ಕಾಯಿಲೆಗೆ ಈಗಲೇ ಬನ್ನಿ ಎಂದು ಕರೆಯುವವರನ್ನು ಹೇಗೆ ನಂಬುವುದು. ಎರಡು ದಿನದ ಹಿಂದೆ ಇದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಅವನ ತೋಳಿನಿಂದ ಮೂರು ಸಣ್ಣ ಸೀಸೆ ರಕ್ತ ತೆಗೆದುಕೊಂಡಿದ್ದರು. ಒಂದು ಸಾಲದೆ ಮೂರು ಏಕೆ ಎಂದು ಕೇಳಿದ್ದಕ್ಕೆ ಸೂಜಿ ಹಿಡಿದವಳು ನಕ್ಕಿದ್ದಳು. ಆ ನಗುವಿನ ಅರ್ಥವೇನಿರಬಹುದು ಎಂದು ಅವನು ಎರಡು ದಿನದಿಂದ ಯೋಚಿಸುತ್ತಿದ್ದ.

ಪಕ್ಕದಲ್ಲಿ ಹೆಂಡತಿ, ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದ ಹುಡುಗಿಯ ಹಾಗೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ತೊಡೆಯ ಮೇಲೆ ನೀಲಿ ರಟ್ಟಿನ ನೋಟ್‌ಬುಕ್ಕು. ಅದರಲ್ಲಿ ಏಳು ತಿಂಗಳ ಪ್ರತಿ ಭಾನುವಾರದ ತೂಕ, ದಿನಕ್ಕೆಷ್ಟು ನಡೆದದ್ದು, ಏನು ತಿಂದದ್ದು, ಏನು ತಿನ್ನದೆ ಬಿಟ್ಟದ್ದು, ಎಷ್ಟು ಗಂಟೆ ನಿದ್ದೆ, ಎಲ್ಲ ಅವಳ ಗುಂಡಗಿನ ಅಕ್ಷರದಲ್ಲಿ ಇತ್ತು. ‘ಡಾಕ್ಟರ್ ಕೇಳಿದಾಗ ತಡವರಿಸಬಾರದು ನೋಡಿ,’ ಎಂದಿದ್ದಳು ಹೊರಡುವಾಗ. ಈ ತಪಾಸಣೆಗೆ ಇಬ್ಬರ ಹೆಸರನ್ನೂ ಬರೆಸಿದವಳು ಅವಳೇ. ಐವತ್ತು ದಾಟಿದವರು ವರ್ಷಕ್ಕೊಂದು ಸಲ ಮೈ ತೋರಿಸಿಕೊಳ್ಳಬೇಕಂತೆ. ಯಾರಂತೆ ಹೇಳಿದ್ದು ಎಂದು ಅವನು ಕೇಳಲಿಲ್ಲ. ಕೇಳಿದರೆ ಬೆಳಗಿನ ನಡಿಗೆಯ ಗುಂಪಿನ ಮಾಸ್ತರು ಅನ್ನುತ್ತಾಳೆ. ಎರಡು ತಿಂಗಳಿಂದ ಸಂಜೆಯಾದರೆ ಅವಳಿಗೆ ಸುಸ್ತು. ಅದನ್ನೂ ಪುಸ್ತಕದಲ್ಲಿ ಬರೆದಿದ್ದಾಳೆ. ಉಂಗುರ ಜಾರುತ್ತದೆಂದು ಅದರ ಒಳಮೈಗೆ ದಾರ ಸುತ್ತಿಕೊಂಡಿದ್ದಾಳೆ. ಅವನು ಆ ದಾರದ ಕಡೆ ನೋಡಿ, ಕೂಡಲೇ ಗೋಡೆಯ ಮೇಲೆ ಓಡುತ್ತಿರುವ ಸಂಸಾರವನ್ನು ನೋಡತೊಡಗಿದ.

ಎಲ್ಲ ಶುರುವಾದದ್ದು ಒಂದು ಮಾತಿನಿಂದ. ಅಡುಗೆಮನೆಯಲ್ಲಿ ಅವಳು ಸೌತೆಕಾಯಿ ಹೆಚ್ಚುತ್ತಿದ್ದಳು. ಆಗ ಅವಳು ಬೆಳಗಿನ ನಡಿಗೆಗೆ ಸೇರಿ ಒಂದೂವರೆ ತಿಂಗಳು. ಅರವತ್ತನಾಲ್ಕರಿಂದ ಅರವತ್ತೆರಡಕ್ಕೆ ಇಳಿದು, ಮುಖದಲ್ಲಿ ಅವನು ಎಷ್ಟೋ ವರ್ಷದಿಂದ ಕಾಣದ ಒಂದು ಕಳೆ ಬಂದಿತ್ತು. ಸಕ್ಕರೆ ಡಬ್ಬಿ ಮೇಲಿನ ಗೂಡಿಗೆ ಹೋಗಿತ್ತು, ಕರಿದದ್ದೆಲ್ಲ ಮನೆ ಬಿಟ್ಟಿತ್ತು. ಅವನು ಬಾಗಿಲಲ್ಲಿ ನಿಂತು, ‘ಇಷ್ಟೆಲ್ಲ ಯಾತಕ್ಕೆ ಈ ವಯಸ್ಸಿಗೆ?’ ಎಂದು ನಗೆಯಾಡಿದ. ಅವಳು ತಲೆ ಎತ್ತದೆ, ‘ನಾಳೆ ನಿಮಗೇನಾದ್ರೂ ಆದ್ರೆ ನಾನಾದ್ರೂ ಗಟ್ಟಿಯಾಗಿರಬೇಕಲ್ರೀ,’ ಅಂದಳು. ಅಷ್ಟೆ. ಒಂದು ಹೋಳು ಅವನಿಗೂ ಕೊಟ್ಟಳು, ಅವನು ತಿಂದ. ತಿನ್ನುತ್ತಲೇ ತಲೆಗೆ ಹುಳ ಹೊಕ್ಕಿತು. ನನಗೇನು ಆಗುತ್ತದೆ? ಇವಳಿಗೆ ಏನು ಗೊತ್ತಿದೆ? ನಾನಿಲ್ಲದ ದಿನಗಳ ಅಡುಗೆಮನೆಯಲ್ಲಿ ಇವಳು ಈಗಾಗಲೇ ನಿಂತು ನೋಡಿ ಬಂದಿದ್ದಾಳೆ. ಅಲ್ಲಿ ಬೆಳಕು ಚೆನ್ನಾಗಿರಬೇಕು, ಇಲ್ಲದಿದ್ದರೆ ಮುಖ ಇಷ್ಟು ಹೊಳೆಯುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಇಬ್ಬರೂ ಒಟ್ಟಿಗೇ ದಪ್ಪವಾಗಿದ್ದರು, ಒಟ್ಟಿಗೇ ಮೆಟ್ಟಿಲಲ್ಲಿ ಏದುಸಿರು ಬಿಟ್ಟಿದ್ದರು. ಈಗ ಅವಳು ಎರಡೆರಡು ಮೆಟ್ಟಿಲು ಹತ್ತಿ ಮೇಲೆ ನಿಂತು, ‘ಬನ್ರೀ ನಿಧಾನಕ್ಕೆ,’ ಎನ್ನುತ್ತಿದ್ದಳು. ಆ ನಿಧಾನಕ್ಕೆ ಎಂಬ ಮಾತಿನಲ್ಲಿದ್ದ ಕನಿಕರವನ್ನು ಅವನಿಂದ ತಡೆಯಲಾಗಲಿಲ್ಲ.

ಮನೆಯ ತೂಕದ ಯಂತ್ರ ಚಪ್ಪಟೆಯಾದದ್ದು, ಮೇಲೆ ಕಾಲಿಟ್ಟು ನಿಂತರೆ ಬೆರಳುಗಳ ಮುಂದಿನ ಗಾಜಿನೊಳಗೆ ಮುಳ್ಳು ತಿರುಗುವಂಥದ್ದು. ತಂದ ದಿನ ಅವಳೇ, ‘ನೀವು ಒಂದ್ಸಲ ನೋಡಿಬಿಡಿ, ಆಮೇಲೆ ನಂಗೆ ಧೈರ್ಯ,’ ಎಂದಿದ್ದಳು. ಅವನು ಕಚೇರಿಯಿಂದ ಪ್ರಮಾಣದ ತೂಕದ ಬಟ್ಟುಗಳನ್ನು ತಂದು, ಹತ್ತು, ಇಪ್ಪತ್ತು, ನಲವತ್ತು ಎಂದು ಒಂದೊಂದಾಗಿ ಇಟ್ಟು ನೋಡಿದ್ದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಳದ ತಗಡು ಬಿಚ್ಚಿದರೆ ಒಳಗೆ ಒಂದು ಸಣ್ಣ ತಿರುಪು ಇರುತ್ತದೆ. ಹೊರಗಿನ ಸೊನ್ನೆ ಹೊಂದಿಸುವ ಗಾಲಿ ತಿರುಗಿಸಿದರೆ ಖಾಲಿ ಯಂತ್ರವೇ ಎರಡೋ ಮೂರೋ ಕಿಲೋ ತೋರಿಸುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಒಳಗಿನ ತಿರುಪು ತಿರುಗಿಸಿದರೆ ಮುಳ್ಳು ಸೊನ್ನೆಯಲ್ಲಿ ಸಾಧುವಿನಂತೆ ನಿಂತಿರುತ್ತದೆ, ಭಾರ ಬಿದ್ದಾಗ ಮಾತ್ರ ಸುಳ್ಳು ಹೇಳುತ್ತದೆ. ಎಷ್ಟೋ ವ್ಯಾಪಾರಿಗಳು ಇದೇ ಕೆಲಸ ಮಾಡಿ ಅವನ ಕೈಗೆ ಸಿಕ್ಕಿಬಿದ್ದಿದ್ದರು. ಅವರ ಎದುರು ನಿಂತು, ‘ಬೇರೆಯವರ ಹೊಟ್ಟೆ ಮೇಲೆ ಹೊಡೀತೀಯಲ್ಲಯ್ಯಾ, ನಾಚಿಕೆ ಆಗಲ್ವಾ?’ ಎಂದು ಕೇಳುವಾಗ ಅವನಿಗೆ ನಿಜವಾಗಿಯೂ ಕೋಪ ಬರುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಅವಳು ನಡೆಯಲು ಹೋದಾಗ ಅವನು ಯಂತ್ರವನ್ನು ಮಗುಚಿ ಹಾಕಿ, ತಗಡು ಬಿಚ್ಚಿ, ಆ ತಿರುಪಿಗೆ ಕಾಲು ಸುತ್ತು ಕೊಟ್ಟ. ಅವಳ ಭಾರಕ್ಕೆ ಅರ್ಧ ಕಿಲೋ ಹೆಚ್ಚು. ತೂಕ ಇಳಿಯದಿದ್ದರೆ ಬೇಜಾರಾಗಿ ನಾಲ್ಕು ವಾರದಲ್ಲಿ ಬಿಟ್ಟುಬಿಡುತ್ತಾಳೆ, ಮತ್ತೆ ಇಬ್ಬರೂ ಕೂತು ಸಕ್ಕರೆ ಹಾಕಿದ ಚಹಾ ಕುಡಿಯಬಹುದು ಎಂಬುದಷ್ಟೇ ಅವನ ಲೆಕ್ಕ. ತಗಡಿಗೆ ಮೊಳೆ ಬಿಗಿಯುವಾಗ ಅವನು ಯಾವುದೋ ಹಳೆಯ ಹಾಡು ಗುನುಗುತ್ತಿದ್ದ. ಅದು ಅವನಿಗೆ ಈಗಲೂ ಆಶ್ಚರ್ಯ.

ಅವಳು ಬಿಡಲಿಲ್ಲ. ಭಾನುವಾರ ಮುಳ್ಳು ಅರವತ್ತೆರಡರಲ್ಲೇ ನಿಂತದ್ದು ನೋಡಿ, ‘ಛೆ, ಇನ್ನೂ ಸ್ವಲ್ಪ ಬಿಗಿ ಮಾಡಬೇಕು,’ ಎಂದು ಮರುದಿನದಿಂದ ಇನ್ನೊಂದು ಸುತ್ತು ನಡೆದಳು. ಅವಳು ಸುತ್ತು ಹಾಕಿದಂತೆಲ್ಲ ಅವನೂ ಸುತ್ತು ಕೊಟ್ಟ. ಉದ್ಯಾನದಲ್ಲಿ ಆ ಗುಂಪನ್ನು ನಡೆಸುವವನು ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತನಾದ ಮಾಸ್ತರು. ಅರವತ್ತೈದರಲ್ಲೂ ಹೊಟ್ಟೆಯೇ ಇಲ್ಲದ ಮನುಷ್ಯ. ಹೊಟ್ಟೆಯಿಲ್ಲದವರ ಮೇಲೆ ಅವನಿಗೆ ಮೊದಲಿನಿಂದಲೂ ಒಂದು ಕಣ್ಣು. ಒಂದು ಸೋಮವಾರ ಕಚೇರಿಗೆ ಹೋಗುವ ಮೊದಲು ಅವನು ಉದ್ಯಾನದ ಬೇಲಿಯ ಆಚೆ, ಪತ್ರಿಕೆ ಓದುವವನ ನಾಟಕ ಹೂಡಿ ನಿಂತಿದ್ದ. ಮಾಸ್ತರು ಒಬ್ಬೊಬ್ಬರ ತೂಕ ಕೂಗಿ ಕೇಳುತ್ತಿದ್ದರು. ಒಬ್ಬಾಕೆ ಒಂದು ಕಿಲೋ ಇಳಿದಿದ್ದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಇವಳ ಸರದಿ ಬಂದಾಗ ಮಾಸ್ತರು, ‘ನಮ್ಮ ಅರವತ್ತೆರಡು ಏನಂತಾರೆ?’ ಎಂದರು. ಎಲ್ಲರೂ ನಕ್ಕರು. ಅಲ್ಲಿ ಅವಳ ಹೆಸರೇ ಅದಾಗಿತ್ತು. ಅವಳೂ ನಕ್ಕಳು, ‘ನಾನು ಬಂಡೆ ಮಾಸ್ತರೇ, ಅಲ್ಲಾಡಲ್ಲ,’ ಅಂದಳು. ‘ಕೊಬ್ಬು ಕರಗಿ ಮಾಂಸಖಂಡ ಆಗ್ತಿದೆ ತಾಯಿ, ಅದಕ್ಕೆ ಬಟ್ಟೆ ಸಡಿಲ, ತೂಕ ಮಾತ್ರ ಹಾಗೇ,’ ಎಂದು ಮಾಸ್ತರು ಸಮಾಧಾನ ಹೇಳಿದರು. ಆಮೇಲೆ ಅವಳು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯತೊಡಗಿದಳು. ಅಷ್ಟು ಹೊತ್ತು ತೊಳೆಯುವಂಥದ್ದು ಆ ಮುಖದಲ್ಲಿ ಏನೂ ಇರಲಿಲ್ಲ. ಆ ವಾರ ಅವನು ತಿರುಪು ಮುಟ್ಟಲಿಲ್ಲ.

ಭಾನುವಾರ ಮುಳ್ಳು ಅರವತ್ತೊಂದೂಕಾಲಿಗೆ ಬಂತು. ಅವಳು ಬಚ್ಚಲಿನಿಂದಲೇ ಕೂಗಿದಳು. ಅವನು ಪತ್ರಿಕೆ ಮಡಚಿಟ್ಟು, ತನ್ನ ಹತ್ತಿರ ಓಡಿ ಬರುತ್ತಾಳೆಂದು ಮುಖವನ್ನು ಸಿದ್ಧಮಾಡಿಕೊಂಡು ಕೂತ. ಅವಳು ಓಡಿ ಬಂದದ್ದು ಫೋನಿನ ಹತ್ತಿರ. ‘ಮಾಸ್ತರೇ, ಬಂಡೆ ಅಲ್ಲಾಡಿತು!’ ಎಂದು ಅವಳು ಹೇಳಿದ್ದು, ಆ ಕಡೆಯಿಂದ ಗಂಡಸಿನ ನಗು ಫೋನಿನಿಂದ ಹೊರಕ್ಕೆ ಕೇಳಿದ್ದು, ಮುಂದಿನ ಶನಿವಾರ ಅವನು ತಿರುಪಿಗೆ ಅರ್ಧ ಸುತ್ತು ಕೊಟ್ಟದ್ದು, ಎಲ್ಲ ಒಂದೇ ಉಸಿರಿನಲ್ಲಿ ಆದ ಹಾಗೆ ಈಗ ಅವನಿಗೆ ನೆನಪಾಗುತ್ತದೆ. ಅಲ್ಲಿಂದ ಮುಂದೆ ನಿಲ್ಲಿಸಬೇಕೆಂದರೂ ನಿಲ್ಲಿಸುವಂತಿರಲಿಲ್ಲ. ಯಂತ್ರವನ್ನು ಒಮ್ಮೆಗೇ ಸರಿ ಮಾಡಿದರೆ ಒಂದೇ ವಾರದಲ್ಲಿ ನಾಲ್ಕೈದು ಕಿಲೋ ಇಳಿದಂತೆ ಕಾಣುತ್ತದೆ, ಆಗ ಅವಳು ಅವನ ಕಡೆಗೇ ತಿರುಗುತ್ತಾಳೆ. ಅದಲ್ಲದೆ ಆ ಯಂತ್ರದ ಮೇಲೆ ಅವನೂ ನಿಲ್ಲಬೇಕಿತ್ತು. ಅವಳ ಸೂಪು, ಬೇಯಿಸಿದ ತರಕಾರಿ ತಿಂದು ಬೆಲ್ಟಿನ ತೂತು ಒಳಕ್ಕೆ ಹೋಗುತ್ತಿದ್ದರೂ ಮುಳ್ಳಿನಲ್ಲಿ ಅವನು ಏರುತ್ತಲೇ ಹೋದ. ಎಪ್ಪತ್ತೆಂಟು, ಎಂಬತ್ತು, ಎಂಬತ್ತೊಂದೂವರೆ. ‘ಕಚೇರೀಲಿ ಕದ್ದು ತಿಂತೀರಿ ನೀವು, ಸುಳ್ಳು ಹೇಳಬೇಡಿ,’ ಎಂದು ಅವಳು ಅವನ ತಟ್ಟೆಯಿಂದ ಅರ್ಧ ಬ್ರೆಡ್ಡು ತೆಗೆದಿಡುತ್ತಿದ್ದಳು. ತಾನು ಮಾಡದ ಕಳ್ಳತನಕ್ಕೆ ಹಸಿದು, ಮಾಡಿದ ಕಳ್ಳತನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನು ಕಚೇರಿಗೆ ಹೊರಡುತ್ತಿದ್ದ.

‘ಬನ್ನಿಯಮ್ಮ, ಚಪ್ಪಲಿ ಬಿಟ್ಟು ಹತ್ತಿ,’ ಎಂದಳು ನರ್ಸು.

ಹೆಂಡತಿ ನೋಟ್‌ಬುಕ್ಕು ಅವನ ಕೈಗೆ ಕೊಟ್ಟು ಹೋಗಿ ಯಂತ್ರದ ಮೇಲೆ ನಿಂತಳು. ನರ್ಸು ಕಂಬದ ಮೇಲಿನ ದಂಡದಲ್ಲಿ ಬಿಲ್ಲೆಯನ್ನು ಬೆರಳಿನಿಂದ ತಳ್ಳಿದಳು, ಸ್ವಲ್ಪ ಹಿಂದಕ್ಕೆ, ಇನ್ನೂ ಹಿಂದಕ್ಕೆ. ದಂಡ ಮೇಲೆ ಕೆಳಗೆ ಆಡಿ ನಿಂತಿತು. ಎಷ್ಟು ಚೆನ್ನಾಗಿ ನಿಂತಿತೆಂದರೆ ಯಂತ್ರ ಸರಿಯಾಗಿದೆ ಎಂದು ಹೇಳಲು ಅವನಿಗೆ ಬಟ್ಟುಗಳೇ ಬೇಕಿರಲಿಲ್ಲ.

‘ಐವತ್ನಾಲ್ಕು.’

‘ಅಯ್ಯೋ ಇಲ್ಲ ಸಿಸ್ಟರ್,’ ಹೆಂಡತಿ ನಕ್ಕಳು. ‘ಇನ್ನೊಂದ್ಸಲ ನೋಡಿ. ನಂದು ಅರವತ್ತೆರಡು. ಮೊನ್ನೆ ಭಾನುವಾರ ಕೂಡ ಅಷ್ಟೇ ಇತ್ತು.’

ನರ್ಸು ಮತ್ತೆ ನೋಡಿದಳು. ಐವತ್ನಾಲ್ಕೇ. ‘ಮನೆ ಮಷೀನ್‌ಗಳು ಹಾಗೇನಮ್ಮ, ಆಟದ ಸಾಮಾನಿದ್ದ ಹಾಗೆ,’ ಎಂದಳು.

‘ನಮ್ಮನೇದು ಹಾಗಲ್ಲ. ನಮ್ಮ ಯಜಮಾನ್ರು ತೂಕದ ಇಲಾಖೆ ಇನ್ಸ್‌ಪೆಕ್ಟರು. ಅವರೇ ಬಟ್ಟಿಟ್ಟು ನೋಡಿದಾರೆ.’ ಅವಳ ಧ್ವನಿಯಲ್ಲಿ ಹೆಮ್ಮೆಯಿತ್ತು. ಬೆಂಚಿನಲ್ಲಿ ಕೂತಿದ್ದ ನಾಲ್ಕೈದು ಜನ ಅವನ ಕಡೆ ತಿರುಗಿದರು. ‘ರೀ, ನೀವೂ ಹತ್ತಿ ನೋಡೋಣ.’

ಅವನು ಹತ್ತಿದ. ಎಪ್ಪತ್ತೊಂದು. ‘ನೋಡಿದ್ರಾ! ಇವರು ಮನೇಲಿ ಎಂಬತ್ತೊಂದೂವರೆ. ಇಬ್ಬರಿಗೂ ಕಡಿಮೆ ತೋರಿಸ್ತಿದೆ ಅಂದ್ಮೇಲೆ ತಪ್ಪು ನಿಮ್ಮ ಮಷೀನ್‌ದೇ ತಾನೆ?’ ಎಂದಳು ಹೆಂಡತಿ. ಎಷ್ಟು ನ್ಯಾಯವಾದ ತರ್ಕ. ಇಲಾಖೆಯಲ್ಲಿ ಅವನ ಕೈಕೆಳಗಿನವರಲ್ಲಿ ಒಬ್ಬನಾದರೂ ಹೀಗೆ ಯೋಚಿಸಿದ್ದನ್ನು ಅವನು ಕಂಡಿರಲಿಲ್ಲ. ‘ನೀವೇ ಹೇಳ್ರೀ,’ ಎಂದು ಅವಳು ಅವನ ಮುಖ ನೋಡಿದಳು. ನರ್ಸೂ ನೋಡಿದಳು. ಬೆಂಚೂ ನೋಡಿತು. ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದ. ಆದರೆ ಕಣ್ಣು ಹಳದಿ ಚೀಟಿಯ ಮೇಲೆ ಬಿತ್ತು, ಬಾಯಿ ಕಣ್ಣಿನ ಮಾತು ಕೇಳಿತು.

‘ಇದರ ಮುದ್ರೆ ಅವಧಿ ಮುಗಿದಿದೆ. ಮುದ್ರೆ ಇಲ್ಲದ ಯಂತ್ರದ ತೂಕ ಲೆಕ್ಕಕ್ಕಿಲ್ಲ,’ ಅಂದ. ಕಚೇರಿಯ ಧ್ವನಿ ತಾನಾಗಿ ಬಂದಿತ್ತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನರ್ಸಿನ ಮುಖ ಸಪ್ಪಗಾಯಿತು. ‘ಅಯ್ಯೋ ಸರ್, ಅದು ಆಫೀಸ್‌ನೋರ ಕೆಲಸ, ನಮಗೆ ಗೊತ್ತಾಗಲ್ಲ. ಬರಕೋಬೇಡಿ ಸರ್,’ ಎನ್ನುತ್ತಾ ಹೆಂಡತಿಯ ಪುಸ್ತಕ ತೆಗೆದುಕೊಂಡು, ಅದನ್ನು ನೋಡಿ ಚೀಟಿಯಲ್ಲಿ ಅರವತ್ತೆರಡು ಎಂದು ತಿದ್ದಿದಳು. ಬೆಂಚಿನಲ್ಲಿದ್ದ ಒಬ್ಬ ಮುದುಕ, ‘ಸರಿಯಾಗಿ ಹಿಡಿದ್ರಿ ಬಿಡಿ,’ ಎಂದು ತಲೆದೂಗಿದ. ಹೆಂಡತಿ ಅವನ ತೋಳು ಹಿಡಿದುಕೊಂಡು ಕೂತಳು. ತೋಳಿನ ಮೇಲೆ ಆ ಕೈ ಎಷ್ಟು ಹಗುರವಾಗಿದೆ ಎಂದು ಅವನಿಗೆ ತಿಳಿಯಿತು. ಹಗುರ ಅನ್ನಿಸಿದ್ದು ನಿಜವೋ, ಈಗಷ್ಟೇ ಅಂಕಿ ಕೇಳಿದ್ದರಿಂದಲೋ ಎಂದು ಅನುಮಾನವೂ ಬಂತು. ಐವತ್ನಾಲ್ಕು ಅವನಿಗೆ ಹೊಸದೇನಲ್ಲ. ಪ್ರತಿ ಭಾನುವಾರ ಮುಳ್ಳು ತೋರಿಸಿದ್ದರಿಂದ ತಾನು ಸೇರಿಸಿದ್ದನ್ನು ಕಳೆದು, ಅವಳ ನಿಜವಾದ ತೂಕವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಬಂದಿದ್ದ. ಆದರೆ ಇನ್ನೊಬ್ಬರ ಬಾಯಿಂದ, ಜೋರಾಗಿ, ಇವತ್ತೇ ಮೊದಲು ಕೇಳಿದ್ದು.

ಡಾಕ್ಟರು ಅವನಿಗಿಂತ ಚಿಕ್ಕವಳಾದ ಹೆಂಗಸು. ಮೇಜಿನ ಮೇಲೆ ಅರ್ಧ ತಿಂದ ಸೇಬು ಇತ್ತು. ಇವರಿಗೂ ಹಸಿವಾಗುತ್ತದೆ ಎಂದು ಅವನಿಗೆ ಸ್ವಲ್ಪ ಸಮಾಧಾನವಾಯಿತು. ಅವನ ಕಾಗದಗಳನ್ನು ಮೊದಲು ನೋಡಿ, ‘ನೀವು ಆರಾಮಾಗಿದೀರಿ. ಎಲ್ಲ ಚೆನ್ನಾಗಿದೆ,’ ಎಂದು ಪಕ್ಕಕ್ಕಿಟ್ಟರು. ಮೂರು ಸೀಸೆ ರಕ್ತಕ್ಕೆ ಅಷ್ಟೇ ಉತ್ತರ. ಹೆಂಡತಿಯ ಕಾಗದವನ್ನು ಓದುವಾಗ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

‘ರಕ್ತ ಸ್ವಲ್ಪ ಕಡಿಮೆ ಇದೆ. ಸುಸ್ತು ಆಗತ್ತಾ?’

‘ಸಂಜೆ ಹೊತ್ತು. ಎರಡು ತಿಂಗಳಿಂದ. ಬರ್ದಿದೀನಿ ನೋಡಿ,’ ಎಂದು ಹೆಂಡತಿ ಪುಸ್ತಕ ತೆರೆದು ಮುಂದಿಟ್ಟಳು. ಡಾಕ್ಟರು ಹಾಳೆ ತಿರುವಿದರು. ತಿರುವುತ್ತಾ ಅವರ ಮುಖದಲ್ಲಿ ಮೆಚ್ಚುಗೆ ಮೂಡಿತು. ‘ಇಷ್ಟು ನೀಟಾಗಿ ಯಾರೂ ಬರೆಯಲ್ಲಮ್ಮ. ಹಸಿವು?’

‘ಅಷ್ಟಿಲ್ಲ. ಅಭ್ಯಾಸ ಆಗಿಬಿಟ್ಟಿದೆ ಅನ್ಸತ್ತೆ.’

‘ತೂಕ ಅರವತ್ತೆರಡು, ಅರವತ್ತೆರಡು, ಅರವತ್ತೆರಡು.’ ಡಾಕ್ಟರು ನಕ್ಕರು. ‘ಇದೇ ನನಗೆ ಸಮಾಧಾನ ನೋಡಿ. ಈ ವಯಸ್ಸಲ್ಲಿ ರಕ್ತ ಕಡಿಮೆಯಾಗಿ, ಸುಸ್ತು ಆಗಿ, ಜೊತೆಗೆ ತೂಕಾನೂ ಇಳೀತಿದ್ರೆ ನಾನು ನಿಮ್ಮನ್ನ ಇವತ್ತು ಸುಮ್ಮನೆ ಮನೆಗೆ ಕಳಿಸ್ತಿರ್ಲಿಲ್ಲ. ಹೊಟ್ಟೆ ಸ್ಕ್ಯಾನ್, ಇನ್ನೊಂದಷ್ಟು ಪರೀಕ್ಷೆ ಎಲ್ಲ ಮಾಡಿಸ್ತಿದ್ದೆ. ತೂಕ ಇಷ್ಟು ಗಟ್ಟಿಯಾಗಿ ನಿಂತಿದೆ ಅಂದ್ರೆ ಊಟ ಕಡಿಮೆ, ನಡಿಗೆ ಜಾಸ್ತಿ, ಅಷ್ಟೇ. ಕಬ್ಬಿಣದ ಮಾತ್ರೆ ಬರೆದುಕೊಡ್ತೀನಿ. ಆರು ತಿಂಗಳು ಬಿಟ್ಟು ಬನ್ನಿ.’

ಆರು ತಿಂಗಳು. ಡಾಕ್ಟರು ಬರೆಯತೊಡಗಿದರು. ಹೋದ ತಿಂಗಳು ಅವಳ ಕಾಲು ಉಳುಕಿತ್ತು. ಮೂರು ವಾರ ಅವಳು ಮನೆ ಬಿಟ್ಟು ಕದಲಲಿಲ್ಲ. ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತು, ಅವನು ಹೊರಗಿನಿಂದ ಕಟ್ಟಿಸಿಕೊಂಡು ಬಂದದ್ದನ್ನೆಲ್ಲ, ‘ಇದೊಂದ್ಸಲ,’ ಎನ್ನುತ್ತಾ ತಿಂದಳು. ಸಕ್ಕರೆ ಡಬ್ಬಿ ಕೆಳಕ್ಕೆ ಬಂತು. ಆ ಮೂರು ವಾರ ಅವನಿಗೆ ಎಷ್ಟು ಸುಖವಾಗಿತ್ತೆಂದರೆ ಹಳೆಯ ದಿನಗಳು ಮರಳಿ ಬಂದವೆಂದೇ ತಿಳಿದ. ಆದರೆ ಭಾನುವಾರ ಅವಳು ಒಂಟಿಗಾಲಿನಲ್ಲಿ ಕುಂಟಿ ಬಂದು ಯಂತ್ರ ಹತ್ತಿದಾಗ, ಏರಬೇಕಾದ ಮುಳ್ಳು ಅರವತ್ತೆರಡಕ್ಕಿಂತ ಕೆಳಗೆ ನಿಂತಿತು. ಅದರ ಮುಂದಿನ ವಾರ ಇನ್ನೂ ಕೆಳಗೆ. ಒಂಟಿಗಾಲಿನಲ್ಲಿ ನಿಂತರೆ ಮುಳ್ಳನ್ನು ನಂಬುವಂತಿಲ್ಲ ಎಂದು ಹೇಳಿ ಅವನು ಪುಸ್ತಕದಲ್ಲಿ ಅರವತ್ತೆರಡೇ ಬರೆಸಿದ. ಆಗ ಅವನಿಗೆ ಬಂದ ಯೋಚನೆಯೇನು? ತಾನು ಕಚೇರಿಗೆ ಹೋದ ಮೇಲೆ ಇವಳು ಕುಂಟಿಕೊಂಡೇ ಉದ್ಯಾನಕ್ಕೆ ಹೋಗಿ ಬರುತ್ತಿದ್ದಾಳೆ, ಕಾಲು ನೋವೆಂಬುದು ನಾಟಕ. ಅವಳ ಬೂಟನ್ನು ಎತ್ತಿ ತಳದಲ್ಲಿ ಮಣ್ಣಿದೆಯೇ ಎಂದು ನೋಡಿದ್ದ. ಇರಲಿಲ್ಲ. ಒರೆಸಿಟ್ಟಿದ್ದಾಳೆ ಎಂದುಕೊಂಡಿದ್ದ. ತಿಂದದ್ದನ್ನು ಕದ್ದು ಕಕ್ಕುತ್ತಿರಬಹುದೇ ಎಂದು ಬಚ್ಚಲಿನ ಬಾಗಿಲಿಗೆ ಕಿವಿ ಕೊಟ್ಟಿದ್ದ. ಕೂತು ತಿನ್ನುತ್ತಿದ್ದವಳ ಮೈ ಯಾಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಅವನಿಗೆ ಸಿಕ್ಕ ಉತ್ತರ ಅವಳ ಮೋಸವೊಂದೇ. ಅವಳು ಮೋಸ ಮಾಡಿರಲಿಲ್ಲ. ಮಾಡಿರಲಿಲ್ಲ ಎಂಬುದು ಈಗ, ಡಾಕ್ಟರ ಪೆನ್ನು ಕಾಗದದ ಮೇಲೆ ಸರಿಯುವ ಸದ್ದಿನಲ್ಲಿ ಅವನಿಗೆ ಅರಿವಾಯಿತು.

‘ಡಾಕ್ಟರ್,’ ಅಂದ. ‘ನಿಮ್ಮ ಮಷೀನ್ ಸರಿಯಾಗಿದೆ.’

ಡಾಕ್ಟರು ತಲೆ ಎತ್ತಿದರು. ‘ಅವಧಿ ಮುಗಿದಿದೆ ಅಂದ್ರಂತೆ?’

‘ಚೀಟಿ ಹಳೇದು. ತೂಕ ಸರಿ ಇದೆ. ನಮ್ಮನೇದೇ ಸರಿಯಿಲ್ಲ.’

‘ಏನ್ರೀ ಹಾಗಂದ್ರೆ?’ ಹೆಂಡತಿ ಅವನ ಕಡೆ ತಿರುಗಿದಳು. ‘ನೀವೇ ನೋಡಿದ್ರಲ್ಲ ಬಟ್ಟಿಟ್ಟು?’

‘ಆಗ ಸರಿ ಇತ್ತು. ಆಮೇಲೆ ನಾನು ಕೆಡಿಸ್ದೆ.’ ಸುಮ್ಮನೆ ಅಷ್ಟು ಹೇಳಿದರೆ ಕೈತಪ್ಪಿ ಆದದ್ದೆಂದು ಅರ್ಥವಾಗುತ್ತದೆ, ಅಲ್ಲಿಗೇ ನಿಲ್ಲಿಸಿಬಿಡೋಣ ಎಂದು ಒಂದು ಗಳಿಗೆ ಆಸೆಯಾಯಿತು. ‘ಬೇಕೂಂತಲೇ. ಪ್ರತಿ ಶನಿವಾರ, ನೀನು ವಾಕಿಂಗಿಗೆ ಹೋದಾಗ. ತಿರುಪು ತಿರುಗಿಸ್ತಿದ್ದೆ. ನೀನು ಇಳಿದದ್ದು ಕಾಣಬಾರದು ಅಂತ.’

ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಅಳುವಿಗೂ ಸಿದ್ಧನಾಗಿದ್ದ. ಅವಳು ಬಾಯಿ ಅರ್ಧ ತೆರೆದು ಅವನನ್ನೇ ನೋಡಿದಳು. ‘ಹಾಗಾದ್ರೆ ಐವತ್ನಾಲ್ಕು ನಿಜಾನಾ?’ ಎಂದಳು. ಅವನು ತಲೆಯಾಡಿಸಿದ. ಅವಳ ಮುಖ ಅರಳಿತು. ಯಾವ ಮರೆಯೂ ಇಲ್ಲದೆ, ಬಹುಮಾನ ಬಂದವಳ ಹಾಗೆ ಅರಳಿತು. ‘ಎಂಟು ಕಿಲೋ ಡಾಕ್ಟರ್! ನಾನು ಎಂಟು ಕಿಲೋ ಇಳಿದಿದೀನಿ! ಅಲ್ಲಿ ಎಲ್ಲರ ಹತ್ರ ಬಂಡೆ ಬಂಡೆ ಅಂತ ಅನ್ನಿಸ್ಕೊಂಡು ಸಾಯ್ತಿದ್ದೆ ನಾನು. ಎಂಥ ಮನುಷ್ಯರು ರೀ ನೀವು!’ ಎಂದು ಅವನ ತೋಳಿಗೆ ಹೊಡೆದಳು. ಹೊಡೆಯುತ್ತಾ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಇದಕ್ಕೆ ಮಾತ್ರ ಅವನು ಸಿದ್ಧನಾಗಿರಲಿಲ್ಲ. ಡಾಕ್ಟರು ನಗಲಿಲ್ಲ. ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕೆ ಸರಿಸಿ ಹೊಸ ಹಾಳೆ ತೆಗೆದುಕೊಂಡರು.

‘ಯಾವ ವಾರ ನಿಜವಾಗಿ ಎಷ್ಟಿತ್ತು, ಹೇಳಕ್ಕಾಗತ್ತಾ?’

‘ಆಗತ್ತೆ.’ ಎಷ್ಟು ಕರಾರುವಾಕ್ಕಾಗಿ ಆಗುತ್ತದೆ ಎಂಬುದೇ ನಾಚಿಕೆಗೇಡು. ಮಗಳು ಹುಟ್ಟಿದ ಗಂಟೆ ಅವನಿಗೆ ನೆನಪಿಲ್ಲ, ತಿರುಪಿಗೆ ಕೊಟ್ಟ ಒಂದೊಂದು ಸುತ್ತೂ ನೆನಪಿದೆ.

‘ಕೊಡಿ ಡಾಕ್ಟರ್, ನನ್ನ ಪುಸ್ತಕ, ನಾನೇ ತಿದ್ತೀನಿ,’ ಎಂದು ಹೆಂಡತಿ ಪೆನ್ನು ಕಸಿದುಕೊಂಡಳು. ಅವನು ಹೇಳುತ್ತಾ ಹೋದ, ಅವಳು ಒಂದೊಂದೇ ಅರವತ್ತೆರಡನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆಯುತ್ತಾ ಹೋದಳು. ಅರವತ್ತೊಂದೂವರೆ. ಅರವತ್ತೊಂದು. ಅರವತ್ತೂವರೆ. ‘ಇದು ನಾನು ರಾತ್ರಿ ಬರೀ ಸೂಪು ಶುರು ಮಾಡಿದ ವಾರ, ನೋಡಿ, ನೋಡಿ!’ ಐವತ್ತೊಂಬತ್ತೂ ಮುಕ್ಕಾಲು. ‘ಅರವತ್ತರ ಕೆಳಗೆ ಬಂದುಬಿಟ್ಟಿದ್ದೆ, ನಂಗೆ ಗೊತ್ತೇ ಇರ್ಲಿಲ್ಲ!’ ಐದು ತಿಂಗಳು ಅವನು ಮುಚ್ಚಿಟ್ಟ ಸಂತೋಷಗಳು ಒಂದೊಂದಾಗಿ ಅವಳಿಗೆ ಈಗ ಸಿಗುತ್ತಿದ್ದವು. ಡಾಕ್ಟರು ಅವಳ ಕೈ ಬರೆಯುವುದನ್ನು ನೋಡುತ್ತಾ ತಮ್ಮ ಹಾಳೆಯಲ್ಲಿ ಸಣ್ಣ ಚುಕ್ಕೆಗಳನ್ನು ಇಡುತ್ತಿದ್ದರು. ಐವತ್ತೆಂಟು. ಐವತ್ತೇಳೂವರೆ.

‘ಆಮೇಲೆ ಕಾಲು ಉಳುಕಿದ ವಾರ,’ ಎಂದಳು ಅವಳು, ಹಾಳೆ ತಿರುವಿ. ‘ಅವತ್ತು?’

‘ಹಾಗೇ ಇತ್ತು. ಐವತ್ತೇಳೂವರೆ,’ ಎಂದ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಜಾರಿ ಬಂತು.

ಅವಳು ಪೆನ್ನಿನ ಮೊನೆ ಹಾಳೆಗೆ ತಾಗಿಸಿದಳು, ಬರೆಯಲಿಲ್ಲ. ತಲೆ ಎತ್ತಿ ಅವನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಅವನನ್ನು ಹಾಗೆ ನೋಡಿರಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಗುರುತು ಸಿಗುತ್ತಿತ್ತು. ಅದು ಅನುಮಾನ.

‘ನಿಜ ಹೇಳಿ.’

‘ಐವತ್ತೇಳು.’

ಬರೆದಳು. ‘ಮುಂದಿನ ವಾರ?’

‘ಐವತ್ತಾರು.’

‘ನಾನು ಮನೇಲಿ ಕೂತು ತಿಂತಿದ್ದೆನಲ್ಲ,’ ಎಂದಳು. ಅದನ್ನು ಅವನಿಗೆ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ನಗು ಯಾವಾಗ ನಿಂತಿತೋ ಅವನಿಗೆ ತಿಳಿಯಲಿಲ್ಲ. ಡಾಕ್ಟರು ಮೆಲ್ಲಗೆ ಫೋನೆತ್ತಿ, ಸ್ಕ್ಯಾನಿಂಗಿಗೆ ಇವತ್ತೇ ಒಬ್ಬರನ್ನು ಸೇರಿಸಿಕೊಳ್ಳಲು ಆಗುತ್ತದೆಯೇ ಎಂದು ಯಾರನ್ನೋ ಕೇಳುತ್ತಿದ್ದರು. ‘ಅದರ ಮುಂದಿನ ವಾರ?’

‘ಐವತ್ತೈದು.’

‘ಖಂಡಿತಾನಾ?’

‘ಖಂಡಿತ.’

ಅವಳು ಬರೆದಳು. ಆಮೇಲೆ ಪುಸ್ತಕವನ್ನು ಅವನ ಕಡೆ ತಿರುಗಿಸಿ, ಪೆನ್ನು ಅದರ ಮೇಲಿಟ್ಟು ಸರಿಸಿದಳು. ‘ಪಕ್ಕದಲ್ಲಿ ಸಹಿ ಹಾಕಿ,’ ಎಂದಳು. ‘ಎಲ್ಲದಕ್ಕೂ.’

ಅವನು ಮೊದಲ ಹಾಳೆಗೆ ತಿರುಗಿಸಿ, ಅರವತ್ತೊಂದೂವರೆಯ ಪಕ್ಕದಲ್ಲಿ ಸಹಿ ಹಾಕತೊಡಗಿದ.